ಕತ್ತಿ ಕಾಲು ಗಂಟೆ, ಮಿಕ್ಕಿದ್ದೆಲ್ಲ ಲದ್ದಿ

ವರ್ಜೀನಿಯಾದ ಕಲ್ಪೆಪರ್ ಹತ್ರ ಬ್ರ್ಯಾಂಡಿ ಸ್ಟೇಷನ್ ಅಂತ ಒಂದು ಸಣ್ಣ ಊರಿದೆ. ಅಮೆರಿಕದ ಅಂತರ್ಯುದ್ಧದ ಹೊತ್ತಲ್ಲಿ, 1863ರ ಜೂನ್ 9ಕ್ಕೆ ಅಲ್ಲಿ ನಡೆದಿದ್ದು ಉತ್ತರ ಅಮೆರಿಕದಲ್ಲೇ ದೊಡ್ಡ ಅಶ್ವದಳದ ಕಾಳಗ, ಎರಡೂ ಕಡೆ ಸೇರಿ ಸುಮಾರು 20 ಸಾವಿರ ಜನ, ಅದ್ರಲ್ಲಿ ಬಹುಪಾಲು ಸವಾರರೇ. ನಾನು ಐಟಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದೋನು, ಅಲ್ಲೀವರೆಗೂ ಕುಣಿಗಲ್ ಸ್ಟಡ್ ಫಾರಂ ಗೇಟ್ ಆಚೆ ನಿಂತು ನೋಡಿದ್ದಷ್ಟೇ ನನ್ನ ಕುದುರೆ ಜ್ಞಾನ. ಈಗ ಯೂನಿಯನ್, ಅಂದ್ರೆ ಉತ್ತರದ ರಾಜ್ಯಗಳ ಕಡೆಯ ಅಶ್ವದಳದ ನೀಲಿ ಕೋಟು ಹಾಕ್ಕೊಂಡು, ಆ ಕಾಲದ ಸವಾರರ ಬದುಕನ್ನ ಜನಕ್ಕೆ ಮಾಡಿ ತೋರಿಸೋ ಒಂದು ಗುಂಪಿನ ಜೊತೆ ಆ ಬಯಲಲ್ಲಿ ಕ್ಯಾಂಪ್ ಹಾಕ್ತೀನಿ. ಊರಿಂದ ಫೋನ್ ಮಾಡಿದೋರು ಕತ್ತಿ ಹಿಡ್ಕೊಂಡು ಕುದುರೆ ಓಡಿಸ್ತೀಯಾ ಅಂತ ಕೇಳ್ತಾರೆ. ಓಡಿಸ್ತೀವಿ, ಕಾಲು ಗಂಟೆ.

ಈ ಜಾಗ ಉಳಿದಿದ್ದೇ ದೊಡ್ಡದು. ತೊಂಬತ್ತರ ದಶಕದಲ್ಲಿ ಇಲ್ಲಿ ಕಾರ್ ರೇಸ್ ಟ್ರ್ಯಾಕ್ ಮಾಡೋಕೆ ಹೊರಟಿದ್ರು, ಜನ ಜಗಳ ಆಡಿ ನಿಲ್ಲಿಸಿದ್ರು, 2013ರಲ್ಲಿ ರಣರಂಗ ಉಳಿಸೋ ಸಂಸ್ಥೆಯೋರು ಕಾಳಗ ನಡೆದ ಫ್ಲೀಟ್‌ವುಡ್ ಗುಡ್ಡ ಕೊಂಡ್ರು, 2024ರಲ್ಲಿ ಸ್ಟೇಟ್ ಪಾರ್ಕ್ ಆಯ್ತು. ಹಾಗಾಗಿ ನಮಗೆ ನೆಲ ಅಗೆಯೋ ಹಾಗಿಲ್ಲ. ಕೆಳಗೆ ಇನ್ನೂ ಆ ಕಾಲದ ಗುಂಡು, ಕೋಟಿನ ಗುಂಡಿ, ಲಾಳ ಏನೇನು ಇದ್ಯೋ. ಒಲೆ ಕಬ್ಬಿಣದ ತಟ್ಟೆ ಮೇಲೆ, ಅದೂ ನೆಲಕ್ಕೆ ತಾಗದ ಹಾಗೆ. ಮರಕ್ಕೆ ಹಗ್ಗ ಬಿಗಿದ್ರೆ ತೊಗಟೆ ಹೋಗುತ್ತೆ, ಅದಕ್ಕೆ ಎರಡು ಟ್ರೇಲರ್ ಮಧ್ಯೆ ತಲೆಗಿಂತ ಎತ್ತರಕ್ಕೆ ಹಗ್ಗ ಎಳೆದು ಕುದುರೆಗಳನ್ನ ಸಾಲಾಗಿ ಕಟ್ತೀವಿ. ಹಗ್ಗ ಜೋತು ಬಿದ್ರೆ ಕುದುರೆ ಕಾಲು ಅದ್ರೊಳಗೆ ಸಿಕ್ಕೊಳ್ಳುತ್ತೆ, ಅದಕ್ಕೆ ರಾತ್ರಿ ಪಾಳಿ ಹಾಕ್ಕೊಂಡು ಒಬ್ರು ಎದ್ದಿರಲೇಬೇಕು.

ಜೀನು ಹಾಕೋದನ್ನ ಮಾತ್ರ ಯಾರಿಗೂ ಅವಸರದಲ್ಲಿ ಮಾಡೋಕೆ ಬಿಡಲ್ಲ. ಕಂಬಳಿ ಆರು ಪದರ ಮಡಚಬೇಕು, ಬೆನ್ನ ಮೇಲೆ ಸ್ವಲ್ಪ ಮುಂದಕ್ಕೆ ಇಟ್ಟು ಹಿಂದಕ್ಕೆ ಜಾರಿಸಬೇಕು, ಆಗ ಕೂದಲು ಒಂದೇ ಕಡೆ ಮಲಗುತ್ತೆ, ಮುಂದಕ್ಕೆ ಜಾರಿಸಿದ್ರೆ ಕೂದಲು ನಿಂತು ಉಜ್ಜಿ ಹುಣ್ಣಾಗುತ್ತೆ. ಮೇಲೆ ಮೆಕ್ಲೆಲನ್ ಜೀನು, 1859ರಲ್ಲಿ ಸೇನೆ ಒಪ್ಪಿದ್ದು, ಹಸಿ ಚರ್ಮ ಬಿಗಿದ ಮರ, ನಡುವೆ ಉದ್ದಕ್ಕೆ ಸೀಳು ಬಿಟ್ಟಿರ್ತಾರೆ ಕುದುರೆ ಬೆನ್ನುಮೂಳೆಗೆ ಗಾಳಿ ಆಡಲಿ ಅಂತ. ಸವಾರನ ಸುಖ ಯಾರೂ ಕೇಳಿರಲಿಲ್ಲ ಅನ್ನೋದು ಎರಡು ಗಂಟೆ ಕೂತ್ರೆ ಗೊತ್ತಾಗುತ್ತೆ ಬಿಡಿ.

ಮೇವಿನ ಲೆಕ್ಕ ಕೇಳಿ. ಆಗಿನ ಯೂನಿಯನ್ ಸೇನೆ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು ಅಂತ ಇಟ್ಟಿತ್ತು, ಅಂದ್ರೆ ಸಾವಿರ ಕುದುರೆಗೆ ದಿನಕ್ಕೆ ಹತ್ತಿರತ್ತಿರ 12 ಟನ್! ನಮ್ಮ ಕಡೆ ಕುದುರೆಗೆ ಹುರುಳಿ, ಇವ್ರದ್ದು ಓಟ್ಸ್ ಇಲ್ಲಾ ಮೆಕ್ಕೆಜೋಳ, ಬಾಯಿಗೆ ಕಟ್ಟೋ ಚೀಲದಲ್ಲಿ. ಅದನ್ನ ಹೊರೋಕೆ ಬೇಕಾದ ಗಾಡಿ, ಆ ಗಾಡಿ ಎಳೆಯೋ ಹೇಸರಗತ್ತೆ, ಅವಕ್ಕೂ ಮೇವು. ಕ್ಯಾಂಪಲ್ಲಿ ಬಕೆಟ್ ಬಕೆಟ್ ನೀರು ಹೊತ್ತ ಮೇಲೆ ನಂಗೆ ಇತಿಹಾಸದ ಪುಸ್ತಕದ ನಕ್ಷೆಗಳಲ್ಲಿ ಸೇನೆ ಸಾಗಿದ ದಾರಿ ತೋರಿಸೋ ಬಾಣದ ಗುರುತುಗಳ ಮೇಲೆ ನಂಬಿಕೆನೇ ಹೋಯ್ತು, ಕುದುರೆ ಹೊಟ್ಟೆ ತುಂಬಿದ್ರೆ ತಾನೇ ಬಾಣ ಮುಂದಕ್ಕೆ ಹೋಗೋದು. ಇಲ್ಲಿ ಎದುರಾಳಿ ದಕ್ಷಿಣದೋರ ಅಶ್ವದಳದ ಮುಖ್ಯಸ್ಥ ಸ್ಟುವರ್ಟ್ ಕಾಳಗದ ಹಿಂದಿನ ದಿನವೇ ತನ್ನ ಸೇನಾಪತಿ ಜನರಲ್ ಲೀ ಮುಂದೆ ಪೆರೇಡ್ ಮಾಡಿಸಿದ್ದ, ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಬೆವರ್ಲಿ ಫೋರ್ಡ್ ಹತ್ರ ನದಿ ದಾಟಿ ಯೂನಿಯನ್ ಸವಾರರು ಬಂದೇ ಬಿಟ್ರು.

ಜನರ ಮುಂದೆ ಕಾಳಗ ತೋರಿಸೋ ಡೆಮೊದಲ್ಲಿ ನಾನು ಯಾವಾಗ್ಲೂ ನಾಲ್ಕನೇ ನಂಬರ್. ಕೆಳಗಿಳಿದು ಕಾದಾಡುವಾಗ ಪ್ರತಿ ನಾಲ್ವರಲ್ಲಿ ಮೂರು ಜನ ಕಾರ್ಬೈನ್, ಅಂದ್ರೆ ಗಿಡ್ಡ ಬಂದೂಕು ಹಿಡ್ಕೊಂಡು ಮುಂದೆ ಹೋಗ್ತಾರೆ, ನಾಲ್ಕನೆಯವನು ಎಲ್ಲಾ ಕುದುರೆ ಹಿಡ್ಕೊಂಡು ಹಿಂದೆ ಇರ್ತಾನೆ, ಅಂದ್ರೆ ಕಾಲು ಭಾಗ ದಳ ಗುಂಡು ಹಾರಿಸಲ್ಲ. ಮಕ್ಕಳು ಬಂದು ಅಂಕಲ್ ನಿಮಗ್ಯಾಕೆ ಬಂದೂಕಿಲ್ಲ ಅಂತಾರೆ. ನಾಲ್ಕು ಕುದುರೆ ಮಧ್ಯೆ ಒಂದು ಫೈರಿಂಗ್ ಸದ್ದಿಗೆ ಬೆಚ್ಚಿ ಹಿಂದಕ್ಕೆ ಜಗ್ಗಿದಾಗ ಉತ್ತರ ಅವ್ರಿಗೇ ಸಿಗುತ್ತೆ.

ಇಂಡಿಯನ್ ಯಾಕೆ ಈ ಯೂನಿಫಾರ್ಮಲ್ಲಿ ಅಂತ ಕೇಳೋರೂ ಇದಾರೆ. ಗುಲಾಮಗಿರಿ ನಿಲ್ಲಿಸಿದ ಕಡೆ ನಿಂತಿದೀನಿ, ಅದಕ್ಕೆ ಪಾಸ್‌ಪೋರ್ಟ್ ಬೇಕಾ ಅಂತೀನಿ, ನಗ್ತಾರೆ.

ಕೊನೇ ದಿನ ಲದ್ದಿ, ಉಳಿದ ಹುಲ್ಲು ಎಲ್ಲಾ ಗುಡಿಸಿ ಟ್ರೇಲರ್‌ಗೆ ತುಂಬ್ಕೊಂಡೇ ಹೋಗಬೇಕು, ಹುಲ್ಲಲ್ಲಿರೋ ಕಳೆ ಬೀಜ ಅಲ್ಲಿ ಮೊಳೆಯಬಾರದು. ಸೇರೋ ಆಸೆ ಇದ್ರೆ ಕತ್ತಿ, ಬೂಟು ಆಮೇಲೆ ಕೊಳ್ಳಿ, ಮೊದಲು ಯಾವುದಾದ್ರೂ ಲಾಯದಲ್ಲಿ ಒಂದು ಚಳಿಗಾಲ ಕೆಲಸ ಮಾಡಿ ನೋಡಿ. ಸ್ವಂತ ಕುದುರೆ ತರೋರು ಕಾಗಿನ್ಸ್ ಟೆಸ್ಟ್ (ಕುದುರೆಗೆ ಬರೋ ಒಂದು ಸೋಂಕು ರೋಗದ ರಕ್ತ ಪರೀಕ್ಷೆ) ರಿಪೋರ್ಟ್ ಜೇಬಲ್ಲೇ ಇಟ್ಕೊಳ್ಳಿ, ಅದಿಲ್ಲದೆ ಗೇಟ್ ಒಳಗೇ ಬಿಡಲ್ಲ.