‘ರೊಸಾನಾ’ ಹಾಡಿನ ಡ್ರಮ್ಸ್ ನಾನು ಕಲಿತ ಬಗೆ

ಅಮೆರಿಕದ ರಾಕ್ ಬ್ಯಾಂಡ್ ಟೋಟೋದ ‘ರೊಸಾನಾ’ 1982ರ ಹಾಡು. ಮೊದಲು ಬರೀ ಡ್ರಮ್ಸ್ ಶುರುವಾಗುತ್ತದೆ, ಉಳಿದವರು ಆಮೇಲೆ ಸೇರುತ್ತಾರೆ. ನುಡಿಸಿದವರು ಜೆಫ್ ಪೋರ್ಕಾರೊ. ಆ ಶುರುವಿನ ಬೀಟ್ ಕೇಳಿದಾಗಲೇ ಇದನ್ನು ಕಲಿಯಲೇಬೇಕು ಅನಿಸಿತ್ತು. ಕೇಳಲು ಆರಾಮಾಗಿ ತೂಗಾಡುವ ಹಾಗಿದೆ. ನುಡಿಸಲು ಕೂತರೆ ಎರಡು ಕೈಗೂ ಪುರುಸೊತ್ತೇ ಇಲ್ಲ!

ಇದು ಹಾಫ್ ಟೈಮ್ ಶಫಲ್ ಎಂಬ ತೂಗಾಡುವ ಲಯ. ಪ್ರತಿ ಎಣಿಕೆಯೂ ಮೂರು ಪಾಲಾಗುತ್ತದೆ. ನಮಗೆ ಗೊತ್ತಿರುವ ತಿಶ್ರ ನಡೆಯೇ ಅಲ್ವಾ? ಹಾಗಾಗಿ ನಾನು ‘ತಕಿಟ’ ಎಂದೇ ಎಣಿಸಿದೆ. ನಾಲ್ಕು ತಕಿಟ ಸೇರಿದರೆ ಒಂದು ಬಾರ್. ಬಲಗೈ ಹೈಹ್ಯಾಟ್ (ಸ್ಟ್ಯಾಂಡಿನ ಮೇಲಿನ ಜೋಡಿ ತಾಳ) ಮೇಲೆ ‘ತ’ ಮತ್ತು ‘ಟ’ಗೆ ಬೀಳುತ್ತದೆ. ನಡುವಿನ ‘ಕಿ’ಗೆ ಎಡಗೈ ಸ್ನೇರನ್ನು, ಅಂದರೆ ಮುಂದಿರುವ ಚಿಕ್ಕ ಡ್ರಮ್ಮನ್ನು, ಕೇಳಿಯೂ ಕೇಳದಷ್ಟು ಮೆತ್ತಗೆ ತಾಗುತ್ತದೆ. ಇವೇ ಘೋಸ್ಟ್ ನೋಟ್‌ಗಳು. ಸ್ನೇರಿನ ಜೋರು ಪೆಟ್ಟು ಮೂರನೇ ಎಣಿಕೆಯ ‘ತ’ಗೆ, ಬಾರ್‌ಗೆ ಒಂದೇ ಸಲ; ಅದಕ್ಕೇ ‘ಹಾಫ್ ಟೈಮ್’.

ಕಷ್ಟವೆಲ್ಲ ಇರುವುದು ಆ ಪೆಟ್ಟಿನ ಬೆನ್ನಿಗೇ ಬರುವ ‘ಕಿ’ಯಲ್ಲಿ. ಜೋರಾಗಿ ಹೊಡೆದಾಗ ಸ್ಟಿಕ್ ಮೇಲಕ್ಕೆ ಪುಟಿಯುತ್ತದೆ. ಅದನ್ನು ಸ್ನೇರಿನಿಂದ ಒಂದಿಂಚು ಎತ್ತರದಲ್ಲೇ ತಡೆದು, ತಕ್ಷಣ ಮೆತ್ತಗೆ ತಾಗಿಸಬೇಕು. ಹಿಂದಿನ ಎರಡು ಬೆರಳುಗಳಿಂದ ಸ್ಟಿಕ್ಕನ್ನು ಒಂದು ಕ್ಷಣ ಬಿಗಿಹಿಡಿದು ಬಿಟ್ಟರೆ ಇದು ಸಾಧ್ಯ. ನಾನು ಪ್ರಾಕ್ಟೀಸ್ ಪ್ಯಾಡ್ ಮೇಲೆ ಎಡಗೈ ಒಂದನ್ನೇ ಬಹಳ ಕಾಲ ತಿದ್ದಿದೆ: ಒಂದು ಜೋರು, ಒಂದು ಮೆತ್ತಗೆ, ಬಾಯಲ್ಲಿ ತಕಿಟ. ಲಯ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 50ಕ್ಕೆ. ಹಾಡಿನ ವೇಗ ಇದಕ್ಕಿಂತ ಬಹಳ ಹೆಚ್ಚು. ಆದರೆ 50ರಲ್ಲಿ ತೂಗಾಟ ಬರದಿದ್ದರೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ನಿಧಾನದಲ್ಲಿ ಪ್ರತಿ ‘ಕಿ’ಯ ತೂಕವೂ ಕಿವಿಗೆ ಸಿಗುತ್ತದೆ.

ನೊಟೇಶನ್ ನೋಡಿ ಕಲಿಯುವುದಕ್ಕಿಂತ ಈ ಬೀಟಿನ ಹಿರಿಯರನ್ನು ಕೇಳುವುದು ನನಗೆ ಜಾಸ್ತಿ ಸಹಾಯ ಮಾಡಿತು. ಪೋರ್ಕಾರೊ ಇದನ್ನು ಎಲ್ಲಿಂದ ತಂದೆ ಅಂತ ತಾವೇ ಒಂದು ಪಾಠದ ವಿಡಿಯೊದಲ್ಲಿ ಬಿಡಿಸಿ ಹೇಳಿದ್ದಾರೆ. ಸ್ಟೀಲಿ ಡ್ಯಾನ್ ಬ್ಯಾಂಡಿನ 1977ರ ‘ಹೋಮ್ ಅಟ್ ಲಾಸ್ಟ್’ನಲ್ಲಿ ಬರ್ನಾರ್ಡ್ ಪರ್ಡಿ ನುಡಿಸಿದ ಶಫಲ್ ಒಂದು ಕಡೆ. ಲೆಡ್ ಝೆಪ್ಪೆಲಿನ್ ಬ್ಯಾಂಡಿನ 1979ರ ‘ಫೂಲ್ ಇನ್ ದಿ ರೇನ್’ನಲ್ಲಿ ಜಾನ್ ಬೋನಮ್ ನುಡಿಸಿದ್ದು ಇನ್ನೊಂದು ಕಡೆ. ಇವೆರಡರ ಜೊತೆಗೆ ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಬೋ ಡಿಡ್ಲಿಯ ಹಳೆಯ ಬೀಟ್. ಎಷ್ಟು ಧಾರಾಳ ಮನಸ್ಸು ನೋಡಿ, ಯಾರಿಂದ ಏನು ಪಡೆದೆ ಎಂಬುದನ್ನು ಮುಚ್ಚಿಡಲೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಮೂರನ್ನೂ ಒಂದಾದ ಮೇಲೊಂದು ಕೇಳಿ. ಪರ್ಡಿಯ ಎಡಗೈ ಎಷ್ಟು ಹಗುರ ಅಂತ ಗೊತ್ತಾದರೆ, ‘ರೊಸಾನಾ’ದಲ್ಲಿ ಏನನ್ನು ಹುಡುಕಬೇಕೆಂದು ಕಿವಿಗೇ ತಿಳಿಯುತ್ತದೆ.

ಬೋ ಡಿಡ್ಲಿಯ ಬೀಟ್ ಬಂದು ಕೂರುವುದು ಕಾಲಿನಲ್ಲಿ, ಬಾಸ್ ಡ್ರಮ್ ಮೇಲೆ. ಎರಡು ಬಾರ್‌ಗೆ ಒಂದು ಸುತ್ತು. ಕೈಗಳು ಪಳಗುವವರೆಗೆ ನಾನು ಕಾಲನ್ನು ಸೇರಿಸಲಿಲ್ಲ. ಆಮೇಲೂ ಒಮ್ಮೆಲೇ ಇಡೀ ಸುತ್ತನ್ನು ತುರುಕಲಿಲ್ಲ. ಮೊದಲ ‘ತ’ಗೆ ಮಾತ್ರ ಒಂದು ಪೆಟ್ಟು. ಅದು ಗಟ್ಟಿಯಾದ ಮೇಲೆ ಮುಂದಿನದು, ಹೀಗೇ ಒಂದೊಂದಾಗಿ. ಹೊಸ ಪೆಟ್ಟು ಸೇರಿದಾಗ ಘೋಸ್ಟ್ ನೋಟ್‌ಗಳು ಜೋರಾಗಿಬಿಡುತ್ತವೆ. ಆಗ ಕಾಲನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು, ಎಡಗೈ ಮತ್ತೆ ಮೆತ್ತಗಾದ ಮೇಲಷ್ಟೇ ಮುಂದುವರಿಸಿ.