ಫುಲ್‌ಬ್ರೈಟ್ ಅರ್ಜಿ ಮತ್ತು ‘ಇದನ್ನ ಇಲ್ಲೇ ಕೂತು ಮಾಡೋಕಾಗಲ್ವಾ?’ ಅನ್ನೋ ಪ್ರಶ್ನೆ

ಪಿಎಚ್‌ಡಿ ಮಾಡ್ತಿರೋರನ್ನ ಸಂಶೋಧನೆಗೆ ಅಮೆರಿಕಕ್ಕೆ ಕಳಿಸೋ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ರಿಸರ್ಚ್ ಫೆಲೋಶಿಪ್ ಬಗ್ಗೆ ಜೂನಿಯರ್‌ಗಳು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಇಂಗ್ಲಿಷ್ ಎಷ್ಟು ಚೆನ್ನಾಗಿರಬೇಕು? ದಿಲ್ಲಿಯ ದೊಡ್ಡ ಯೂನಿವರ್ಸಿಟಿಯವರಿಗೆ ಮಾತ್ರ ಸಿಗುತ್ತಾ? ಪೇಪರ್ ಎಷ್ಟು ಪಬ್ಲಿಶ್ ಆಗಿರಬೇಕು? ಇವೆಲ್ಲ ಸ್ವಲ್ಪ ಮಟ್ಟಿಗೆ ಲೆಕ್ಕಕ್ಕೆ ಬರುತ್ತವೆ, ಇಲ್ಲ ಅನ್ನಲ್ಲ. ಆದರೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಬೇರೆ ಒಂದು ಪ್ರಶ್ನೆಗೆ. ಈ ಕೆಲಸ ಮಾಡೋಕೆ ನೀನು ಅಮೆರಿಕಕ್ಕೇ ಯಾಕೆ ಬರಬೇಕು?

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇನೆ. ಭಾರತದಲ್ಲಿ ಇದನ್ನು ನಡೆಸೋದು ಯುಎಸ್‌ಐಇಎಫ್ (ಅಮೆರಿಕ-ಭಾರತ ಶೈಕ್ಷಣಿಕ ಪ್ರತಿಷ್ಠಾನ), ಅದು ಶುರುವಾಗಿದ್ದು 1950ರಲ್ಲಿ. ಡಾಕ್ಟರಲ್ ಫೆಲೋಶಿಪ್ ಪದವಿಗಾಗಿ ಅಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ನೋಂದಣಿ ಆಗಿ, ಕೆಲಸ ಒಂದು ಹಂತಕ್ಕೆ ಬಂದವರು 6ರಿಂದ 9 ತಿಂಗಳು ಅಲ್ಲಿಗೆ ಹೋಗಿ ಸಂಶೋಧನೆ ಮಾಡಿ ವಾಪಸ್ ಬರೋದಕ್ಕೆ. ಅಂತಾರಾಷ್ಟ್ರೀಯ ಸಂಬಂಧಗಳೂ ವಿಷಯಗಳ ಪಟ್ಟಿಯಲ್ಲಿದೆ. ಕೊನೇ ದಿನಾಂಕ, ಸಣ್ಣಪುಟ್ಟ ಷರತ್ತು ಪ್ರತಿ ವರ್ಷ ಬದಲಾಗುವುದರಿಂದ ಅದನ್ನು ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ, ನನ್ನ ಮಾತು ನಂಬಬೇಡಿ.

ನನ್ನ ವಿಷಯ ಪಿಎಲ್-480, ಅಂದ್ರೆ ಅಮೆರಿಕದ ಆಹಾರ ನೆರವಿನ ಕಾನೂನು. ಬರಗಾಲದ ದಿನಗಳಲ್ಲಿ ಅಮೆರಿಕದಿಂದ ಬಂದ ಗೋಧಿ, ಕೆಂಪು ಜೋಳ. ನಮ್ಮ ಕಡೆ ಹಿರಿಯರನ್ನು ಕೇಳಿದರೆ ಶಾಲೆಯಲ್ಲಿ ಕೊಡ್ತಿದ್ದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ಎಲ್ಲ ನೆನಪು ಮಾಡಿಕೊಳ್ಳುತ್ತಾರೆ. ಹೊಲದ ಬದುವಿನ ಕಾಂಗ್ರೆಸ್ ಗಿಡ ಕೂಡ ಆ ಗೋಧಿ ಜೊತೆಗೇ ಬಂತು ಅಂತ ಬಯ್ಯುವವರಿದ್ದಾರೆ. (ಇದಕ್ಕೆ ಸಸ್ಯಶಾಸ್ತ್ರಜ್ಞರಲ್ಲಿ ತಕರಾರಿದೆ, ಹಾಗಾಗಿ ಪ್ರಪೋಸಲ್‌ನಲ್ಲಿ ಅದನ್ನು ಸೇರಿಸಲಿಲ್ಲ.) 1966ರಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಧಾನ್ಯ ಸುಮಾರು 1 ಕೋಟಿ ಟನ್. ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಹೊತ್ತಿಗೆ ವರ್ಷಗಟ್ಟಲೆಯ ಒಪ್ಪಂದ ಬಿಟ್ಟು, ಸ್ವಲ್ಪ ಸ್ವಲ್ಪವೇ ಅಳೆದು ಹಡಗು ಬಿಡೋಕೆ ಶುರು ಮಾಡಿದ್ದರು. ಭಾರತ ಕೃಷಿ ನೀತಿ ಬದಲಿಸಬೇಕು, ವಿಯೆಟ್ನಾಂ ಬಗ್ಗೆ ಬಾಯಿ ಕಮ್ಮಿ ಮಾಡಬೇಕು ಅನ್ನೋದು ಒತ್ತಡ. ದಿಲ್ಲಿ-ವಾಷಿಂಗ್ಟನ್ ನಡುವಿನ ಈ ಹಗ್ಗಜಗ್ಗಾಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ನೋಡಬೇಕು ಅಂದುಕೊಂಡಿದ್ದು ಅದರ ಮುಂದಿನ ಭಾಗ. ಅಲ್ಲಿ ಹಡಗು ತಡವಾದರೆ, ಆಗಿನ ಮೈಸೂರು ರಾಜ್ಯದ ಪಡಿತರ ಹಂಚಿಕೆಯಲ್ಲಿ ಏನಾಗ್ತಿತ್ತು?

ಈ ವಿಷಯಕ್ಕೆ ಅಮೆರಿಕ ಯಾಕೆ ಬೇಕು ಅಂತ ಯಾರಾದ್ರೂ ಕೇಳೇ ಕೇಳುತ್ತಾರೆ. ಯಾಕಂದ್ರೆ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಹಳೇ ದಾಖಲೆಗಳನ್ನು ‘ಫ್ರುಸ್’ ಅನ್ನೋ ಸಂಪುಟಗಳಲ್ಲಿ ಪ್ರಕಟಿಸಿ ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ. 1964-68ರ ದಕ್ಷಿಣ ಏಷ್ಯಾ ಸಂಪುಟ 25ನೆಯದು, ಮನೆಯಲ್ಲೇ ಕೂತು ಓದಬಹುದು. ಸುಮ್ನೆ ‘ಅಮೆರಿಕದ ಪತ್ರಾಗಾರಗಳನ್ನು ನೋಡಬೇಕಾಗಿದೆ’ ಅಂತ ಬರೆದರೆ ಆಯ್ಕೆ ಸಮಿತಿಯವರು ಅಲ್ಲೇ ಹಿಡಿಯುತ್ತಾರೆ. ಅದಕ್ಕೇ ನಾನು ಆ ಸಂಪುಟವನ್ನು ಅಡಿಟಿಪ್ಪಣಿಗಳಿಗಾಗಿಯೇ ಓದಿದೆ. ಪ್ರತಿ ದಾಖಲೆಯ ಕೆಳಗೆ ಅದು ಎಲ್ಲಿಂದ ಬಂತು ಅಂತ ಕೊಟ್ಟಿರುತ್ತಾರೆ: ಜಾನ್ಸನ್ ಲೈಬ್ರರಿ (ಆ ಅಧ್ಯಕ್ಷರ ಕಾಲದ ಕಾಗದಪತ್ರ ಇಟ್ಟಿರೋ ಜಾಗ), ಯಾವ ಸಂಗ್ರಹ, ಯಾವ ಫೈಲು. ಒಂದು ಎಕ್ಸೆಲ್ ಶೀಟ್ ಮಾಡಿ ಅದನ್ನೆಲ್ಲ ತುಂಬಿದೆ. ಮತ್ತೆ ಮತ್ತೆ ಬಂದ ಹೆಸರುಗಳಲ್ಲಿ ಒಂದು ರಾಷ್ಟ್ರೀಯ ಭದ್ರತಾ ಮಂಡಳಿಯದು, ‘ಇಂಡಿಯನ್ ಫ್ಯಾಮಿನ್’ ಅಂತಲೇ ಇರುವ ಪ್ರತ್ಯೇಕ ಸಂಗ್ರಹ. ಒಂದು ದೇಶದ ಬರದ ಬಗ್ಗೆ ಶ್ವೇತಭವನದವರು ಬೇರೆಯಾಗೇ ಫೈಲು ಕಟ್ಟಿಟ್ಟಿದ್ದಾರೆ ಅಂದ್ರೆ ಅದರಲ್ಲಿ ಪ್ರಕಟವಾಗದೆ ಉಳಿದದ್ದೂ ಇರಲೇಬೇಕಲ್ವಾ?

ಆಮೇಲೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಆ ಲೈಬ್ರರಿಗೆ ಇಮೇಲ್ ಹಾಕಿದೆ. ಆರ್ಕೈವಿಸ್ಟ್‌ಗಳಿಗೆ ಬರೆಯೋಕೆ ನಮ್ಮವರು ಯಾಕೆ ಹಿಂಜರಿಯುತ್ತಾರೋ ಗೊತ್ತಿಲ್ಲ, ಉತ್ತರ ಕೊಡೋದು ಅವರ ಕೆಲಸವೇ. ಉದ್ದುದ್ದ ಪರಿಚಯ ಬೇಡ. ಈ ಫೈಲುಗಳು ಸಂಶೋಧಕರಿಗೆ ತೆರೆದಿವೆಯಾ, ಸ್ಕ್ಯಾನ್ ಆಗಿವೆಯಾ, ಗೋಪ್ಯ ಅಂತ ತಡೆಹಿಡಿದ ಹಾಳೆ ಇವೆಯಾ, ಇಷ್ಟೇ ಕೇಳಿದೆ. ಬಂದ ಉತ್ತರವನ್ನು ನೇರವಾಗಿ ಪ್ರಪೋಸಲ್‌ಗೆ ಇಳಿಸಿದೆ: ಇಂತಿಂಥವು ಆನ್‌ಲೈನ್‌ನಲ್ಲಿವೆ, ಓದಿದ್ದೇನೆ, ಇಂತಿಂಥವು ಅಲ್ಲಿಗೆ ಹೋದರೆ ಮಾತ್ರ ಸಿಗುತ್ತವೆ. ವಾಷಿಂಗ್ಟನ್ ಪಕ್ಕದ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಕೃಷಿ ಇಲಾಖೆ ಕಾರ್ಯದರ್ಶಿಯ (ನಮ್ಮಲ್ಲಿನ ಮಂತ್ರಿ ಇದ್ದ ಹಾಗೆ) ದಾಖಲೆಗಳಿವೆ, ರೆಕಾರ್ಡ್ ಗ್ರೂಪ್ 16. 1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ನಮ್ಮ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಜೊತೆ ಒಪ್ಪಂದ ಮಾಡಿಕೊಂಡ ಓರ್ವಿಲ್ ಫ್ರೀಮನ್ ಇದ್ದದ್ದು ಆ ಹುದ್ದೆಯಲ್ಲೇ. ಹಾಗಾಗಿ ಅದನ್ನೂ ಸೇರಿಸಿ, ಯಾವ ತಿಂಗಳು ಯಾವ ಊರಲ್ಲಿ ಅಂತ ವೇಳಾಪಟ್ಟಿ ಹಾಕಿದೆ. ಇಲ್ಲಿನ ಅರ್ಧ ಕೆಲಸ ಎಲ್ಲಿಗೆ ಬಂದಿದೆ ಅಂತಲೂ ಬರೆದೆ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಏನು ಸಿಕ್ಕಿತು, ದಿಲ್ಲಿಯಲ್ಲಿ ಏನು ಸಿಕ್ಕಿತು ಅಂತ. ಬರೀ ಅಲ್ಲಿನ ದಾಖಲೆ ತೋರಿಸಿದರೆ ಅಮೆರಿಕದ ಇತಿಹಾಸ ಆಗಿಬಿಡುತ್ತೆ.

ನಾನು ಓದಿದ ಬೇರೆಯವರ ಪ್ರಪೋಸಲ್‌ಗಳಲ್ಲಿ ಮೊದಲ ಪುಟ ಪೂರ್ತಿ ‘ಸ್ವಾತಂತ್ರ್ಯಾನಂತರ ಭಾರತ-ಅಮೆರಿಕ ಸಂಬಂಧ ಅನೇಕ ಏಳುಬೀಳು ಕಂಡಿದೆ’ ಅನ್ನೋ ಧಾಟಿಯಲ್ಲೇ ಹೋಗಿರುತ್ತದೆ. ಓದುವವರಿಗೆ ಇದೆಲ್ಲ ಗೊತ್ತಿರುತ್ತೆ ಮಾರಾಯ್ರೆ. ಮೊದಲ ವಾಕ್ಯದಲ್ಲೇ ನಿಮ್ಮ ಪ್ರಶ್ನೆ ಕೇಳಿಬಿಡಿ.

ಅಲ್ಲಿನ ವಿಶ್ವವಿದ್ಯಾಲಯದ ಅಫಿಲಿಯೇಶನ್‌ಗೆ, ಅಂದ್ರೆ ಆ ತಿಂಗಳುಗಳಲ್ಲಿ ನಮ್ಮನ್ನು ಸೇರಿಸಿಕೊಳ್ಳೋ ಒಪ್ಪಿಗೆಗೆ, ಪ್ರೊಫೆಸರ್‌ಗಳಿಗೆ ಬರೆಯುವಾಗಲೂ ಇದೇ ದಾರಿ ಹಿಡಿದೆ. ‘ರೆಸ್ಪೆಕ್ಟೆಡ್ ಸರ್, ನಿಮ್ಮ ಅಮೂಲ್ಯ ಮಾರ್ಗದರ್ಶನ’ ಅಂತ ಬರೆದ ಪತ್ರಕ್ಕೆ ಯಾರೂ ಉತ್ತರ ಕೊಡಲ್ಲ. ಅವರ ಲೇಖನದ ಒಂದು ಅಂಶ ಹಿಡಿದು, ನನ್ನ ರಾಜ್ಯದ ಕಡತದಲ್ಲಿ ಅದಕ್ಕೆ ಒಪ್ಪದ ಒಂದು ಸಂಗತಿ ಸಿಕ್ಕಿದೆ, ನಿಮಗೇನನ್ನಿಸುತ್ತೆ ಅಂತ ಕೇಳಿದೆ. ಕೊನೆಯ ಎರಡು ಸಾಲಿನಲ್ಲಿ ಫೆಲೋಶಿಪ್ ವಿಷಯ, ಖರ್ಚು ಅವರ ವಿಭಾಗದ ಮೇಲೆ ಬೀಳೋದಿಲ್ಲ ಅನ್ನೋ ಮಾತು. ಕೆಲವರು ಸುಮ್ಮನಿದ್ದರು, ಒಬ್ಬರು ಆಸಕ್ತಿಯಿಂದ ಬರೆದರು. ಒಬ್ಬರು ಸಾಕು.

ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರ ಹಿಂದೆ ಬೀಳಬೇಡಿ. ನಿಮ್ಮ ಕೆಲಸ ಓದಿದವರಿಂದ ತಗೊಳ್ಳಿ. ಪ್ರಪೋಸಲ್ ಮುಂಚೆಯೇ ಕಳಿಸಿ, ಒಳಗಿನ ಒಂದು ಅಧ್ಯಾಯದ ಬಗ್ಗೆ ಬರೆಯಿರಿ ಅಂತ ನಾನೇ ನನ್ನ ಗೈಡ್ ಹತ್ತಿರ ಕೇಳಿಕೊಂಡೆ. ವಿಶ್ವವಿದ್ಯಾಲಯದಿಂದ ಬೇಕಾದ ಪತ್ರದ ಕಥೆಯೇ ಬೇರೆ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋಕೆ ಎಷ್ಟು ಕಾಲ ಬೇಕು ಅಂತ ಪಿಎಚ್‌ಡಿ ಮಾಡಿದವರಿಗೆಲ್ಲ ಗೊತ್ತು. ಪ್ರಪೋಸಲ್ ಮುಗಿಯೋವರೆಗೆ ಕಾಯದೆ ಅದನ್ನು ಮೊದಲೇ ಶುರು ಮಾಡಿ.

ಸಂದರ್ಶನದಲ್ಲಿ ಕೇಳಿದ್ದರಲ್ಲಿ ಗಟ್ಟಿ ಪ್ರಶ್ನೆ ಇದು: ಅಲ್ಲಿಗೆ ಹೋದ ಮೇಲೆ ಆ ಫೈಲುಗಳಲ್ಲಿ ನಿಮ್ಮ ರಾಜ್ಯದ ಹೆಸರೇ ಇಲ್ಲದಿದ್ದರೆ? ಇರಲಾರದು ಅಂತ ನನಗೂ ಅನ್ನಿಸಿತ್ತು, ವಾಷಿಂಗ್ಟನ್ನಿನವರಿಗೆ ಮೈಸೂರು ರಾಜ್ಯದ ಸೊಸೈಟಿ ಅಂಗಡಿ ಕಟ್ಟಿಕೊಂಡು ಏನಾಗಬೇಕು! ಅದನ್ನೇ ಹೇಳಿದೆ. ನನಗೆ ಬೇಕಾಗಿರೋದು ರಾಜ್ಯದ ಹೆಸರಲ್ಲ, ದಿನಾಂಕ. ಹಡಗಿಗೆ ಒಪ್ಪಿಗೆ ಸಿಕ್ಕಿದ್ದು ಯಾವಾಗ, ತಡೆದದ್ದು ಯಾವಾಗ ಅಂತ ಅಲ್ಲಿ ಸಿಕ್ಕರೆ, ಹಂಚಿಕೆ ಕಮ್ಮಿಯಾದ ದಿನಾಂಕ ಇಲ್ಲಿನ ಕಡತದಲ್ಲಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ ಅಂದೆ. ಆಮೇಲಿನ ಪ್ರಶ್ನೆಗಳು ಹಗುರ ಇದ್ದವು. ಇಂಗ್ಲಿಷ್ ಬಗ್ಗೆ ಯಾರೂ ತಲೆ ಕೆಡಿಸಿಕೊಂಡ ಹಾಗೆ ಕಾಣಲಿಲ್ಲ, ನಾನು ನಿಧಾನಕ್ಕೇ ಮಾತಾಡಿದೆ.

ಆಯ್ಕೆಯಾದೆ. ಅರ್ಜಿಯಿಂದ ವಿಮಾನದವರೆಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯುತ್ತೆ, ಆದ್ದರಿಂದ ಥೀಸಿಸ್ ಸಲ್ಲಿಸೋ ಗಡುವು ಹತ್ತಿರ ಇರುವವರು ಮೊದಲು ಲೆಕ್ಕ ಹಾಕಿಕೊಳ್ಳಿ. ಹೋಗೋದು ಜೆ-1 ಅನ್ನೋ ವಿನಿಮಯ ವೀಸಾದಲ್ಲಿ. ಮುಗಿದ ಮೇಲೆ ಎರಡು ವರ್ಷ ಊರಲ್ಲಿ ಇರದೆ ಅಲ್ಲಿನ ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ಗೆ ಹೋಗೋ ಹಾಗಿಲ್ಲ. ಅಲ್ಲೇ ಕೆಲಸ ಹಿಡಿಯೋ ಯೋಚನೆ ಇದ್ದರೆ ಇದು ನಿಮಗಲ್ಲ. ಕೆಲವೇ ವಾರದ ಕೆಲಸ ಇರೋರಿಗೆ ಜಾನ್ಸನ್ ಲೈಬ್ರರಿಯ ಮೂಡಿ ಗ್ರಾಂಟ್ ಥರದ ಸಣ್ಣ ಪ್ರಯಾಣ ನೆರವು ಸಾಕಾಗಬಹುದು. ಜೆಆರ್‌ಎಫ್ (ಇಲ್ಲಿ ಪಿಎಚ್‌ಡಿ ಮಾಡೋರಿಗೆ ಸಿಗೋ ಫೆಲೋಶಿಪ್ ಹಣ) ತಗೊಳ್ತಿರೋರು ಆ ತಿಂಗಳುಗಳಲ್ಲಿ ಅದರ ಗತಿ ಏನು ಅಂತ ತಮ್ಮ ಆಫೀಸಿನಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಇಸ್ಕೊಳ್ಳಿ.