ಕೊನೆ ಬಸ್ಸಿಗೆ ಮುಂಚೆ ಮುಗಿಯುವ ಶೂಟಿಂಗ್

ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ನಮ್ಮ ಮನೆ ಹಜಾರದಲ್ಲಿ ಏಳೆಂಟು ಹುಡುಗಿಯರು ಸೇರುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆಯವರು. ಕೆಲವರು ಡಿಗ್ರಿ ಓದುತ್ತಿದ್ದಾರೆ. ಇಬ್ಬರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಒಬ್ಬಳಿಗೆ ಎರಡು ವರ್ಷದ ಮಗು ಇದೆ, ಮಗುವೂ ಬರುತ್ತದೆ. ಎಲ್ಲರೂ ಕೂತ ಮೇಲೆ ನಾನು ಮೊದಲು ಕೇಳುವುದು, "ವಾಪಸ್ ಹೋಗೋಕೆ ಕೊನೆ ಬಸ್ಸು ಎಷ್ಟೊತ್ತಿಗೆ?" ಅಂತ. ಹೇಳಿದ್ದನ್ನು ಗೋಡೆಯ ಬೋರ್ಡಿನಲ್ಲಿ ಅವರವರ ಹೆಸರಿನ ಪಕ್ಕ ಬರೆಯುತ್ತೇವೆ. ಕಥೆ, ಶಾಟ್, ಲೊಕೇಶನ್ ಎಲ್ಲಾ ಆಮೇಲೆ.

ಸುಮಾರು ಹತ್ತು ವರ್ಷದಿಂದ ನಾನು ಸ್ವಂತವಾಗಿ ಸಣ್ಣ ಸಿನಿಮಾ, ಸಾಕ್ಷ್ಯಚಿತ್ರ ಮಾಡಿಕೊಂಡು ಬಂದಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ಈ ಹುಡುಗಿಯರ ಜೊತೆಗೂ ಕೆಲಸ ಮಾಡುತ್ತಿದ್ದೇನೆ. ಹುಡುಗಿಯರ ಕೈಗೆ ಕ್ಯಾಮೆರಾ ಸಿಗುವುದು ಈಗ ಕಷ್ಟವೇ ಇಲ್ಲ, ಫೋನ್ ಎಲ್ಲರ ಹತ್ತಿರ ಇದೆ. ಟೈಮ್ ಸಿಗುವುದು ಕಷ್ಟ. ಅಡಿಗೆ, ಹಸು, ಕಾಲೇಜು, ಕೆಲಸ, ಕತ್ತಲಾಗುವ ಮುಂಚೆ ಮನೆ ಸೇರಬೇಕು ಅನ್ನೋ ಕಟ್ಟುಪಾಡು, ಇವೆಲ್ಲದರ ನಡುವೆ ಅವರಿಗೆ ಅಂತ ಮೂರು ಗಂಟೆ ಹೊಂದಿಸಿಕೊಡುವುದೇ ನನ್ನ ಅರ್ಧ ಕೆಲಸ.

ನಾನು ಹುಟ್ಟಿದ್ದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದೆ. ಒಂದು ಸೀರಿಯಲ್‌ಗೆ, ಆಮೇಲೆ ಎರಡು ಸಿನಿಮಾಗೆ ಸಹಾಯಕ ನಿರ್ದೇಶಕಿಯಾಗಿದ್ದೆ. ಕಂಟಿನ್ಯುಯಿಟಿ ಬರೆಯುವುದು (ಒಂದು ಶಾಟ್‌ಗೂ ಮುಂದಿನದಕ್ಕೂ ಎಲ್ಲಾ ಹೊಂದುವಂತೆ ಗುರುತು ಹಾಕಿಕೊಳ್ಳುವುದು), ಕಾಸ್ಟ್ಯೂಮ್ ಜೋಡಿಸುವುದು, ನಾಯಕಿಗೆ ಡೈಲಾಗ್ ಹೇಳಿಕೊಡುವುದು ನನ್ನ ಪಾಲಿಗೆ ಬರುತ್ತಿತ್ತು. ಯಾವ ಲೆನ್ಸ್ ಹಾಕಿದ್ದೀರಿ ಅಂತ ಕೇಳಿದರೆ, "ನಿನಗ್ಯಾಕಮ್ಮಾ ಅದೆಲ್ಲಾ" ಅನ್ನುತ್ತಿದ್ದರು. ಹೊರಾಂಗಣ ಶೂಟಿಂಗ್ ಇದ್ದರೆ ನಮ್ಮಂಥ ಹೆಂಗಸರಿಗೆ ಶೌಚಾಲಯ ಇರುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟವಳು ಮಧ್ಯಾಹ್ನದವರೆಗೂ ನೀರು ಮುಟ್ಟುತ್ತಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಮಲಯಾಳಂ ಸಿನಿಮಾದಲ್ಲಿ ಕೆಲಸ ಮಾಡುವ ಹೆಂಗಸರ ಸ್ಥಿತಿ ಬಗ್ಗೆ ಕೇರಳದ ಹೇಮಾ ಸಮಿತಿ ವರದಿ ಹೊರಗೆ ಬಂತಲ್ಲ, ಅದರಲ್ಲಿ ಇದೇ ವಿಷಯ ಇತ್ತು. ಸೆಟ್‌ನಲ್ಲಿ ಶೌಚಾಲಯ ಇಲ್ಲ ಅಂತ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ ಅಂತ. ಅದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಲೊಕೇಶನ್ ನೋಡಲು ಹೋದವರು ಎರಡು ವಿಷಯ ಬರೆದುಕೊಂಡು ಬರಲೇಬೇಕು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಬಚ್ಚಲು ಯಾರ ಮನೆಯಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಲೊಕೇಶನ್ ಬೇಡ. ಮುಂದೆ ಬೇರೆಯವರ ಸೆಟ್‌ಗೆ ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಮಾತು ತಪ್ಪದೆ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಿನಿಮಾ ಸೆಟ್‌ಗೂ ಅನ್ವಯಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ನಮ್ಮಂಥ ಐದಾರು ಜನರ ತಂಡವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಣ್ಣ ತಂಡ, ಎಲ್ಲಾ ಗೊತ್ತಿರುವವರೇ, ಯಾರಿಗೆ ಹೇಳೋದು ಅಂತ ನುಂಗಿಕೊಂಡು ಕೂರಬಾರದು. ನಾನು ನುಂಗಿಕೊಂಡಿದ್ದೇನೆ. ಆಗ ಇದು ನನಗೆ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ನನ್ನ ಕೈ ಹಿಡಿದಿದ್ದು ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ. ರಜೆ ಸಿಕ್ಕ ಸಂಜೆಯೆಲ್ಲಾ ಅಲ್ಲಿಗೆ ಓಡುತ್ತಿದ್ದೆ. 1983ರಲ್ಲೇ ಪ್ರೇಮಾ ಕಾರಂತರು ಕನ್ನಡದಲ್ಲಿ ಸಿನಿಮಾ ನಿರ್ದೇಶಿಸಿದ್ದರು, ಅದೂ ಒಬ್ಬ ವಿಧವೆಯ ಬದುಕಿನ ಮೇಲೆ, ಅನ್ನುವುದು ತಿಳಿದಾಗ ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ಮದುವೆಯಾಗಿ, ಮಗು ಆಗಿ, ವಾಪಸ್ ಈ ಕಡೆ ಬಂದ ಮೇಲೆ ನನ್ನ ಮೊದಲ ಸಿನಿಮಾ ಮಾಡಿದೆ. ರೇಷ್ಮೆ ನೂಲು ತೆಗೆಯುವ ಹೆಂಗಸರ ಮೇಲೆ, 22 ನಿಮಿಷದ್ದು. ಶೂಟಿಂಗ್ 14 ದಿನ. ಆದರೆ ಆ 14 ದಿನ ಸಿಗೋಕೆ ಎರಡು ವರ್ಷ ಹಿಡಿಯಿತು. ಮಗುವಿಗೆ ಜ್ವರ, ಅತ್ತೆಗೆ ಆಪರೇಷನ್, ಬಾಡಿಗೆ ಕ್ಯಾಮೆರಾಗೆ ದುಡ್ಡಿಲ್ಲ. ಹೀಗೆ ಬಿಡಿಬಿಡಿಯಾಗಿ ಮಾಡುವುದು ಸಿನಿಮಾನೇ ಅಲ್ಲವೇನೋ ಅಂತ ನಾಚಿಕೆಯಾಗುತ್ತಿತ್ತು. ಆಮೇಲೆ ಅಸ್ಸಾಮಿನ ರೀಮಾ ದಾಸ್ ಬಗ್ಗೆ ಓದಿದೆ. ಸಿನಿಮಾ ಶಾಲೆಗೆ ಹೋದವರಲ್ಲ. ತಮ್ಮ ಹಳ್ಳಿಯಲ್ಲೇ, ಊರಿನ ಮಕ್ಕಳನ್ನೇ ಇಟ್ಟುಕೊಂಡು, ತಾವೇ ಬರೆದು, ತಾವೇ ಕ್ಯಾಮೆರಾ ಹಿಡಿದು, ತಾವೇ ಎಡಿಟ್ ಮಾಡಿ ವರ್ಷಗಟ್ಟಲೆ ಕೂತು ಮಾಡಿದ ಸಿನಿಮಾಗೆ 2018ರಲ್ಲಿ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು. ಹೊಸದಾಗಿ ಬಂದ ಹುಡುಗಿಗೆ ನಾನು ಹೇಳುವ ಮೊದಲ ಕಥೆ ಇದೇ. ದಿನಗಳು ಬಿಡಿಬಿಡಿಯಾಗಿ ಸಿಕ್ಕರೂ ಸಿನಿಮಾ ಆಗುತ್ತದೆ ಅಂತ ಅವಳಿಗೆ ಗೊತ್ತಾಗಲಿ.

ಮೊದಮೊದಲು ಮೂವರೇ ಬರುತ್ತಿದ್ದರು. ಬಾಗೇಪಲ್ಲಿಯಿಂದ ಬಂದು ಹೋಗುವ ಬಸ್ ಚಾರ್ಜು ಒಬ್ಬ ಹುಡುಗಿಗೆ ವಾರವಾರ ಹೊಂದಿಸೋಕೆ ಆಗುತ್ತಿರಲಿಲ್ಲ. ಚಾರ್ಜು ಕೇಳಿದರೆ, "ಏನಕ್ಕೆ?" ಅನ್ನೋ ಪ್ರಶ್ನೆ ಮನೆಯಲ್ಲಿ ಹುಟ್ಟುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ಅದಾದ ಎರಡು ಮೂರು ತಿಂಗಳಲ್ಲೇ ನಮ್ಮ ಹಜಾರ ತುಂಬಿತು. ದುಡ್ಡಿನ ಪ್ರಶ್ನೆ ಹೋಯಿತು, ಟೈಮಿನ ಪ್ರಶ್ನೆ ಉಳಿಯಿತು.

ಅದಕ್ಕೆ ನಾನು ಮನೆಗಳಿಗೆ ಹೋಗುತ್ತೇನೆ. ಫೋನಲ್ಲಿ ಮಾತಾಡಿದರೆ ಕೆಲಸ ಆಗಲ್ಲ. ಶಿಡ್ಲಘಟ್ಟದ ಒಂದು ಮನೆಯಲ್ಲಿ ತಾಯಿ ಅಕ್ಕಿ ಆರಿಸುತ್ತಾ ತಲೆ ಎತ್ತದೆ ಕೇಳಿದರು.

"ಸಿನಿಮಾಗೆ ಸೇರಿಸ್ತೀರಾ ಮೇಡಂ ಇವಳನ್ನ?"

"ಸೇರಿಸಲ್ಲ ಅಕ್ಕಾ. ಇವಳೇ ಸಿನಿಮಾ ಮಾಡ್ತಾಳೆ."

"ಎರಡೂ ಒಂದೇ ಅಲ್ವಾ?"

ನಾನು ಉತ್ತರ ಕೊಡಲಿಲ್ಲ. ಚೀಲದಿಂದ ಹೆಡ್‌ಫೋನ್ ತೆಗೆದು, ಮೈಕನ್ನು ಮೊರದ ಹತ್ತಿರ ಇಟ್ಟು, ಅವರ ಕಿವಿಗೆ ಹಾಕಿದೆ. ಅಕ್ಕಿ ಮೊರದಲ್ಲಿ ಜಾರುವ ಸದ್ದು, ಬಳೆ ಸದ್ದು, ಹೊರಗೆ ಕೋಳಿ. ಅವರು ಕೈ ನಿಲ್ಲಿಸಿದರು. ಮತ್ತೆ ಆಡಿಸಿದರು. "ನಮ್ಮನೆ ಸದ್ದೇ ಇದು?" ಅಂದರು. ಆಮೇಲೆ ಮಗಳಿಗೆ ಭಾನುವಾರ ಹತ್ತರಿಂದ ನಾಲ್ಕರವರೆಗೆ ಬಿಡುವು ಸಿಕ್ಕಿತು. ಈಗ ಯಾವ ಮನೆಗೆ ಹೋದರೂ ಹೆಡ್‌ಫೋನ್ ಜೊತೆಗಿರುತ್ತದೆ.

ಆ ಹುಡುಗಿ ತನ್ನ ತಾಯಿಯ ಕೈ ಮೇಲೆ ಸಿನಿಮಾ ಮಾಡಿದಳು. ತಾಯಿ ರೀಲಿಂಗ್ ಕೆಲಸಕ್ಕೆ ಹೋಗುತ್ತಾರೆ. ಬೇಯಿಸಿದ ಗೂಡನ್ನು ಬಿಸಿನೀರಿನ ಬೇಸಿನ್‌ಗೆ ಹಾಕಿ, ಎಳೆಯ ತುದಿ ಹುಡುಕಿ, ಒಂದಷ್ಟು ಗೂಡಿನ ಎಳೆ ಸೇರಿಸಿ ನೂಲು ಎಳೆಯುವುದು. ಇಡೀ ದಿನ ಕೈ ಬಿಸಿನೀರಿನಲ್ಲೇ. ಬೆರಳ ತುದಿ ಬೆಳ್ಳಗೆ ಸುಕ್ಕಾಗಿ, ಅಲ್ಲಲ್ಲಿ ಸೀಳಿರುತ್ತದೆ. ಮಗಳು ಆ ಕೈಯನ್ನು ಹತ್ತಿರದಿಂದ ತೆಗೆಯಬೇಕು ಅಂತ ಹೋದಳು. ಮೊದಲ ದಿನದ ಫೂಟೇಜ್ ಪೂರ್ತಿ ಹಾಳು. ಚಳಿಗಾಲದ ಬೆಳಿಗ್ಗೆ, ಹೊರಗಿನಿಂದ ತಂದ ತಣ್ಣನೆ ಫೋನ್, ಒಳಗೆ ಹಬೆ. ಲೆನ್ಸ್ ಮೇಲೆಲ್ಲಾ ಮಂಜು ಕೂತಿತ್ತು. ಸಾಲದ್ದಕ್ಕೆ ಟ್ಯೂಬ್‌ಲೈಟಿನಿಂದ ಚಿತ್ರದಲ್ಲಿ ಪಟ್ಟಿ ಓಡುತ್ತಿತ್ತು.

ಎರಡಕ್ಕೂ ಪರಿಹಾರ ಸುಲಭ. ಫೋನನ್ನು ಕಾಲು ಗಂಟೆ ಮುಂಚೆಯೇ ಒಳಗೆ ಇಟ್ಟು, ಅದು ಕೋಣೆಯಷ್ಟೇ ಬೆಚ್ಚಗಾಗಲು ಬಿಡಬೇಕು. ತಣ್ಣಗಿರುವ ಗಾಜಿನ ಮೇಲೆ ಮಾತ್ರ ಹಬೆ ನೀರಾಗಿ ಕೂರುತ್ತದೆ. ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಟ್ಟಿ ಬರುವುದು ಕರೆಂಟಿನಿಂದ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ ವೇಗವನ್ನು ಸೆಕೆಂಡಿನ ಐವತ್ತನೇ ಒಂದಕ್ಕೋ ನೂರನೇ ಒಂದಕ್ಕೋ ಲಾಕ್ ಮಾಡಿದರೆ ಪಟ್ಟಿ ಮಾಯ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಈ ಸೆಟ್ಟಿಂಗ್ ಸಿಗದಿದ್ದರೆ ಉಚಿತ ಆ್ಯಪ್‌ಗಳಿವೆ. ಜೊತೆಗೆ ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ, ಏರೋಪ್ಲೇನ್ ಮೋಡ್ ಹಾಕಬೇಕು. ಇಲ್ಲದಿದ್ದರೆ ಒಳ್ಳೆ ಶಾಟ್ ನಡುವೆ ಮನೆಯಿಂದ, "ಎಲ್ಲಿದ್ದೀಯಾ?" ಅಂತ ಕಾಲ್ ಬರುತ್ತದೆ. ಎರಡನೇ ಸಲ ಅವಳಿಗೆ ಬೇಕಾದ ಶಾಟ್ ಸಿಕ್ಕಿತು. ಸೀಳಿದ ಹೆಬ್ಬೆರಳ ಮೇಲೆ ಕೂದಲಿಗಿಂತ ಸಣ್ಣ ಎಳೆ ಹೊಳೆಯುತ್ತಾ ಹೋಗುತ್ತದೆ. ನಾಲ್ಕು ನಿಮಿಷದ ಸಿನಿಮಾದಲ್ಲಿ ತಾಯಿಯ ಮುಖವನ್ನು ಒಂದೇ ಸಲ ತೋರಿಸಿದ್ದಾಳೆ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಬರೆಯಬೇಕು ಅಂತಲೇ ಇಷ್ಟು ಬರೆಯೋಕೆ ಕೂತೆ.

ಬಾಗೇಪಲ್ಲಿ ಕಡೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮೇಲೆ ಸಿನಿಮಾ ಮಾಡುತ್ತಿದ್ದಳು. ಅಜ್ಜಿ ಜಗುಲಿ ಮೇಲೆ ಕಡಲೆಕಾಯಿ ಸುಲಿಯುತ್ತಾ, ಊರಿನ ಕೆರೆ ತುಂಬಿದ್ದ ಕಾಲದ ಬಗ್ಗೆ ಹೇಳುತ್ತಾರೆ. ಮೊದಲು ಅವಳು ಅಜ್ಜಿಗೆ ಅಂತ ಪುಸ್ತಕದ ಕನ್ನಡದಲ್ಲಿ ಮಾತು ಬರೆದು ತಂದಿದ್ದಳು. ಮನೆಯಲ್ಲಿ ಯಾವ ಭಾಷೆ ಅಂದರೆ ತೆಲುಗು. ಆ ಭಾಗದಲ್ಲಿ ಸುಮಾರು ಮನೆಗಳಲ್ಲಿ ಹಾಗೇ. ಅಜ್ಜಿ ತಮ್ಮ ಭಾಷೆಯಲ್ಲೇ ಮಾತಾಡಲಿ, ನೀನು ಕೆಳಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕು ಅಂದೆ. ಅಷ್ಟು ಸರಿಯಾಗಿಯೇ ಹೇಳಿದ್ದೆ.

ಒಂದು ಚಿತ್ರೋತ್ಸವಕ್ಕೆ ಕಳಿಸಲು ಮೂರೇ ದಿನ ಇತ್ತು. ಅವಳಿಗೆ ಇಂಟರ್ನಲ್ಸ್. ಬರೋಕೆ ಆಗಲ್ಲ ಅಕ್ಕಾ ಅಂದಳು. ನಾನು ಪರವಾಗಿಲ್ಲ ಬಿಡು ಅಂತ ರಾತ್ರಿ ಕೂತು ನಾನೇ ಎಡಿಟ್ ಮಾಡಿದೆ. ಅಜ್ಜಿ ಮಾತು ನಿಲ್ಲಿಸಿ, ಕೈಯಲ್ಲಿ ಕಾಯಿ ಹಿಡಿದುಕೊಂಡು, ಸುಮ್ನೆ ಆಚೆ ನೋಡುವ ಒಂದು ಶಾಟ್ ಇತ್ತು. ಅವಳು ಅದನ್ನು ಒಂದು ನಿಮಿಷ ನಲವತ್ತು ಸೆಕೆಂಡ್ ಬಿಟ್ಟಿದ್ದಳು. ನಾನು ಹನ್ನೆರಡು ಸೆಕೆಂಡಿಗೆ ಕತ್ತರಿಸಿದೆ. ಹಿಂದೆ ಕೊಳಲು ಹಾಕಿದೆ. ಆರು ನಿಮಿಷ ಆಯಿತು. ಸಿನಿಮಾ ಆಯ್ಕೆಯೂ ಆಯಿತು, ಜನ ಚಪ್ಪಾಳೆ ಹೊಡೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ನೋಡಿಕೊಂಡು ಹೇಳಿದಳು. "ಚೆನ್ನಾಗಿದೆ ಅಕ್ಕಾ. ಆದ್ರೆ ನಮ್ಮಜ್ಜಿ ಅಷ್ಟು ಬೇಗಬೇಗ ಮಾತಾಡಲ್ಲ."

ನನಗೆ ಎದೆಗೆ ಒದ್ದ ಹಾಗಾಯಿತು. ಟೈಮ್ ಕೊಡಿಸುತ್ತೇನೆ ಅಂತ ಅವಳ ಮನೆಗೆ ಹೋಗಿ ಮಾತಾಡಿ ಬಂದವಳು ನಾನು. ಕೊನೆಗೆ ಅವಳ ಟೈಮನ್ನು ಕಿತ್ತುಕೊಂಡವಳೂ ನಾನೇ. ಅವಳು ಸಿನಿಮಾದೊಳಗೆ ಇಟ್ಟಿದ್ದ ಹೊತ್ತನ್ನೂ ಕತ್ತರಿಸಿ ಎಸೆದಿದ್ದೆ.

ಪ್ರಾಜೆಕ್ಟ್ ಮತ್ತೆ ತೆರೆದೆವು. ಅವಳದು ಹಳೇ ಲ್ಯಾಪ್‌ಟಾಪ್. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಹಾಕಿ, ಫೂಟೇಜಿಗೆ ಚಿಕ್ಕ ಪ್ರಾಕ್ಸಿ ಫೈಲ್, ಅಂದರೆ ಎಡಿಟ್‌ಗೆ ಅಂತ ಹಗುರವಾದ ನಕಲು, ಮಾಡಿಕೊಂಡರೆ ಅದರಲ್ಲೂ ಕೆಲಸ ನಡೆಯುತ್ತದೆ. ಪ್ರತಿ ಭಾನುವಾರ ಮೂರು ಗಂಟೆ, ನಾಲ್ಕು ತಿಂಗಳು. ಕೊಳಲು ಹೋಯಿತು, ಜಗುಲಿಯ ಸದ್ದು ವಾಪಸ್ ಬಂತು. ಒಂದು ನಿಮಿಷ ನಲವತ್ತು ಸೆಕೆಂಡಿನ ಶಾಟ್ ಹಾಗೇ ಉಳಿಯಿತು. ಸಿನಿಮಾ ಈಗ 14 ನಿಮಿಷ. ಎರಡು ಉತ್ಸವಗಳು ಬೇಡ ಅಂದಿವೆ. ಅವರ ಊರಿನ ಜಗುಲಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದಾಗ, ಆ ಶಾಟ್ ಬಂದಾಗ ಒಬ್ಬರೂ ಅಲುಗಾಡಲಿಲ್ಲ. ನಾನು ಅಲ್ಲೇ ಇದ್ದೆ.

ಅಂದಿನಿಂದ ಹುಡುಗಿಯರ ಎಡಿಟ್ ನಡೆಯುವಾಗ ನಾನು ಮೌಸ್ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂರುತ್ತೇನೆ, ಪ್ರಶ್ನೆ ಕೇಳುತ್ತೇನೆ. ಇಲ್ಲಿ ಯಾಕೆ ಕಟ್ ಮಾಡಿದೆ? ಇದಕ್ಕೆ ಮುಂಚೆ ಅವರು ಏನು ನೋಡುತ್ತಿದ್ದರು? ಉತ್ತರ ಬರುವವರೆಗೆ ಕಾಯುತ್ತೇನೆ, ಎಷ್ಟೋ ಸಲ ಮುಂದಿನ ಭಾನುವಾರದವರೆಗೆ. ಫೂಟೇಜಿನ ಎರಡು ಕಾಪಿ ಇರುತ್ತದೆ. ಒಂದು ಅವಳ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ನಮ್ಮ ಮನೆ ಬೀರುವಿನಲ್ಲಿ ಅವಳ ಹೆಸರು ಬರೆದ ಡಬ್ಬಿಯಲ್ಲಿ. ಅವಳನ್ನು ಕೇಳದೆ ಆ ಡಬ್ಬಿ ತೆಗೆಯುವುದಿಲ್ಲ. ಉತ್ಸವದ ಕೊನೆ ದಿನಾಂಕಗಳನ್ನು ಬೋರ್ಡಿನಿಂದ ಅಳಿಸಿದ್ದೇವೆ. ಕೊನೆ ಬಸ್ಸಿನ ಟೈಮ್ ಮಾತ್ರ ಇದೆ.

ಈಗ ಚಿಂತಾಮಣಿ ಕಡೆಯ ಹುಡುಗಿ ರೇಷ್ಮೆ ಹುಳು ಸಾಕುವ ಮನೆಯ ಮೇಲೆ ಸಿನಿಮಾ ಮಾಡುತ್ತಿದ್ದಾಳೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಜ್ವರ ಅಂದರೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುವುದು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಅವು ತಿನ್ನುವ ಸೊಪ್ಪಿಗೆ ಲೆಕ್ಕವೇ ಇಲ್ಲ. ಇಡೀ ಬೆಳೆಯ ಮುಕ್ಕಾಲು ಪಾಲಿಗೂ ಜಾಸ್ತಿ ಸೊಪ್ಪು ಆ ವಾರವೇ ಖರ್ಚಾಗುತ್ತದೆ. ರಾತ್ರಿ ಸೊಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ತಗಡಿನ ಮೇಲೆ ಹನಿ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ನಾನು ಚಿಕ್ಕವಳಿದ್ದಾಗ ಆ ಸದ್ದು ಕೇಳಿಕೊಂಡೇ ಮಲಗುತ್ತಿದ್ದುದು. ಅವಳಿಗೆ ಬೇಕಾಗಿರುವುದು ಅದೇ ಸದ್ದು.

ಇದಕ್ಕೆ ಬಸ್ಸಿನ ಚಿಂತೆ ಇಲ್ಲ. ಅವಳ ಮನೆ, ಅವಳ ರಾತ್ರಿ. ಹೇಗೆ ಮಾಡಬೇಕು ಅಂತ ಭಾನುವಾರ ಕೂತು ಬರೆದುಕೊಂಡಳು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗೋದು. ಫ್ಯಾನ್ ಆಫ್. ಕಾಲರ್ ಮೈಕನ್ನು ಮೇಲಿನ ಸ್ಟ್ಯಾಂಡಿಗೆ ದಾರದಲ್ಲಿ ಕಟ್ಟಿ, ಸೊಪ್ಪಿನಿಂದ ಒಂದು ಗೇಣು ಮೇಲೆ ಇಳಿಬಿಡೋದು. ರೆಕಾರ್ಡಿಂಗ್ ಒತ್ತಿ ಮೊದಲ ಒಂದು ನಿಮಿಷ ಉಸಿರು ಬಿಗಿಹಿಡಿಯದೆ, ಅಲ್ಲಾಡದೆ ಕೂರೋದು. ಸೊಪ್ಪು ಹಾಕುವ ಮುಂಚೆ ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನೂ ಹಿಡಿಯೋದು, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

"ನಾನೂ ಬರಲಾ?" ಅಂತ ಕೇಳಿದೆ. ನನಗೆ ಹೋಗಬೇಕು ಅಂತ ತುಂಬಾ ಆಸೆಯಿತ್ತು.

"ಬೇಡ ಅಕ್ಕಾ, ನಾನೇ ಮಾಡ್ತೀನಿ" ಅಂದಳು.

ಮೈಕು, ಎರಡು ಹೊಸ ಸೆಲ್, ದಾರದ ಉಂಡೆ ಕೊಟ್ಟು ನಾಲ್ಕೂವರೆ ಬಸ್ಸಿಗೆ ಕಳಿಸಿದೆ. ನಿನ್ನೆ ಫೋನ್ ಮಾಡಿದ್ದಳು. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆಯಂತೆ.